ಸ್ಮಾರ್ಟ್ ಟಿವಿ ಬಂತು, ಇಂಗ್ಲಿಷ್ ಓದು ಬರಲಿಲ್ಲ. ನೀವೆಲ್ಲ ಏನು ಮಾಡ್ತೀರಿ?

ಕೆರೆದಂಡೆ_ಟೀಚರ್:

ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ನಾನು. ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಒಂಬತ್ತನೇ ಕ್ಲಾಸಿನಲ್ಲಿ 42 ಮಕ್ಕಳು. ಹೋದ ವರ್ಷ ಹಳೇ ವಿದ್ಯಾರ್ಥಿಗಳು ದುಡ್ಡು ಹಾಕಿ ದೊಡ್ಡ ಸ್ಮಾರ್ಟ್ ಟಿವಿ ಕೊಡಿಸಿದರು. ಇನ್ನು ಪಾಠ ಸಲೀಸು ಅಂದುಕೊಂಡೆ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ತಾಣ ದೀಕ್ಷಾದ ವಿಡಿಯೋ ಹಾಕುತ್ತೇನೆ, ಯೂಟ್ಯೂಬಿನಲ್ಲಿ ಸಿಕ್ಕಿದ ಅನಿಮೇಷನ್ ಹಾಕುತ್ತೇನೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮುಗಿದ ಮೇಲೆ ಪುಸ್ತಕ ತೆಗೀರಿ ಅಂದರೆ ಮುಖ ಬಾಡುತ್ತದೆ. ಕಥೆಯನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಹೇಳುತ್ತಾರೆ, ಅದೇ ಕಥೆಯ ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದು ಅಂದರೆ ಐದಾರು ಜನ ಬಿಟ್ಟು ಉಳಿದವರು ಕಾಲ ಹೆಬ್ಬೆರಳು ನೋಡಿಕೊಂಡು ನಿಲ್ಲುತ್ತಾರೆ.

ಮೊನ್ನೆ ಒಂದು ತಮಾಷೆ ಆಯಿತು. ಕ್ಲಾಸಲ್ಲಿ ಒಂದು ಸಾಲೂ ಓದದ ಹುಡುಗ, ಊಟದ ಹೊತ್ತಿನಲ್ಲಿ ಜಗಲಿ ಮೇಲೆ ಕೂತು ಇಂಗ್ಲಿಷ್ ಪೇಪರಿನ ತುಂಡೊಂದನ್ನು ಬೇರೆಯವರಿಗೆ ಓದಿ ಹೇಳುತ್ತಿದ್ದ. ಕ್ರಿಕೆಟ್ ಸ್ಕೋರ್‌ಕಾರ್ಡ್. 'ಸಿ ಅಂಡ್ ಬಿ ಅಂದ್ರೆ ಬಾಲ್ ಹಾಕಿದವನೇ ಕ್ಯಾಚ್ ಹಿಡಿದ ಅಂತ ಕಣೋ' ಅಂತ ವಿವರಣೆ ಬೇರೆ!

ಪುಸ್ತಕದ ಹೊರಗಿನ ಇಂಥದ್ದನ್ನೆಲ್ಲ ಕ್ಲಾಸಿಗೆ ತರಬೇಕು ಅನ್ನಿಸುತ್ತಿದೆ. ಆದರೆ ಹೆಚ್.ಎಂ. (ಹೆಡ್‌ಮಾಸ್ಟರ್) ಕೇಳೋದು ಒಂದೇ ಪ್ರಶ್ನೆ, ಪೋರ್ಷನ್ ಎಲ್ಲಿಗೆ ಬಂತು ಅಂತ. ಯಾರಾದರೂ ಮಾಡಿದ್ದೀರಾ? ಟಿವಿಯನ್ನು ಸುಮ್ನೆ ಸಿನಿಮಾ ಥರ ಅಲ್ಲದೆ ಬೇರೆ ಹೇಗೆ ಬಳಸ್ತೀರಿ?

ಅಡಿಕೆತೋಟದ_ಮೇಷ್ಟ್ರು:

ಟೀಚರ್, ಆ ಹುಡುಗನ ಸ್ಕೋರ್‌ಕಾರ್ಡಿನಿಂದಲೇ ಶುರು ಮಾಡಿ. ನಾನು ಶುರು ಮಾಡಿದ್ದು ಗದ್ದೆಗೆ ಹೊಡೆಯುವ ಔಷಧಿ ಲೇಬಲ್ಲಿನಿಂದ.

ನಮ್ಮ ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಇಲ್ಲ, ಆದರೆ ಔಷಧಿ ಡಬ್ಬಿ ಇದೆ. ಮೊದಲ ಸಲ ಎಡವಟ್ಟು ಮಾಡಿಕೊಂಡೆ. 'ಲೇಬಲ್ ತನ್ನಿ' ಅಂದಿದ್ದಕ್ಕೆ ಒಬ್ಬ ಅರ್ಧ ಔಷಧಿ ಇದ್ದ ಬಾಟಲಿಯನ್ನೇ ಬ್ಯಾಗಿನಲ್ಲಿ ಊಟದ ಡಬ್ಬಿ ಪಕ್ಕ ಇಟ್ಟುಕೊಂಡು ಬಂದ. ನನ್ನ ಎದೆ ಧಸಕ್ ಅಂತು. ಅವತ್ತಿನಿಂದ ಯಾರೂ ಏನೂ ತರುವ ಹಾಗಿಲ್ಲ. ಅಂಗಡಿಗೆ ಹೋಗಿ ನಾನೇ ಫೋಟೋ ಹೊಡೆದುಕೊಂಡು ಬಂದು ಟಿವಿಗೆ ಹಾಕುತ್ತೇನೆ. ನಿಮ್ಮ ದೊಡ್ಡ ಟಿವಿಗೆ ಇದು ಒಳ್ಳೇ ಕೆಲಸ, ಚಿಕ್ಕ ಅಕ್ಷರ ಹಿಂದಿನ ಬೆಂಚಿಗೂ ಕಾಣುತ್ತದೆ.

ಲೇಬಲ್ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕ ಇರುತ್ತದಲ್ಲ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಮತ್ತು ಹಳದಿಗೆ 'ಪಾಯಿಸನ್', ನೀಲಿಗೆ 'ಡೇಂಜರ್', ಹಸಿರಿಗೆ 'ಕಾಷನ್'. ಬಣ್ಣದ ಅರ್ಥ ಕೆಲವರಿಗೆ ಅಪ್ಪನಿಂದ ಮೊದಲೇ ಗೊತ್ತು, ಪದ ಗೊತ್ತಿರಲಿಲ್ಲ ಅಷ್ಟೇ. ಮೂರು ಪದದಲ್ಲಿ ಯಾವುದು ಜೋರು, ಯಾವುದು ಮೆತ್ತಗೆ ಅಂತ ಜಗಳ ಆಡಿಕೊಂಡೇ ಕಲಿತರು. ಆಮೇಲೆ 'ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್', 'ಡು ನಾಟ್ ಸ್ಮೋಕ್' ಇತ್ಯಾದಿ. ಎಲ್ಲ ಆಜ್ಞೆಯ ವಾಕ್ಯಗಳೇ. ಅದನ್ನೇ ರಿಪೋರ್ಟೆಡ್ ಸ್ಪೀಚಿಗೆ ತಿರುಗಿಸಿ ಅಂದೆ, 'ದ ಲೇಬಲ್ ಟೆಲ್ಸ್ ಅಸ್ ನಾಟ್ ಟು ಸ್ಮೋಕ್' ಅಂತ. ಗ್ರಾಮರ್ ಪೋರ್ಷನ್ ಮುಗೀತು. ಹೆಚ್.ಎಂ.ಗೆ ಅದನ್ನೇ ತೋರಿಸಿ.

ಇನ್ನೊಂದು ವಿಷಯ, ವಿಡಿಯೋ ಮೊದಲು ಹಾಕಬೇಡಿ. ಹತ್ತನೇ ಕ್ಲಾಸಿನಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಇದೆ. ನಾನೂ ಮೊದಲು ಶಂಕರ್ ನಾಗ್ ಅವರ ಮಾಲ್ಗುಡಿ ಧಾರಾವಾಹಿ ಹಾಕಿಯೇ ಪಾಠ ಶುರು ಮಾಡುತ್ತಿದ್ದೆ. ಆಗುಂಬೆ ಕಂಡ ಕೂಡಲೇ 'ಸಾರ್ ಇದು ನಮ್ ಕಡೆ' ಅಂತ ಕೂಗು. ಖುಷಿ ಏನೋ ಆಯಿತು, ಆದರೆ ಕಥೆ ಗೊತ್ತಾದ ಮೇಲೆ ಯಾರು ಓದುತ್ತಾರೆ? ಈಗ ಕಥೆಯ ಹುಡುಗ ಸ್ವಾಮಿ ಬೆಂಚಿನ ಕೆಳಗೆ ತೂರಿಕೊಳ್ಳುವ ತನಕ ಓದಿಸಿ ಪುಸ್ತಕ ಮುಚ್ಚಿಸುತ್ತೇನೆ. ಮುಂದೇನು ಅಂತ ಪ್ರತಿಯೊಬ್ಬರೂ ಒಂದೇ ಒಂದು ಇಂಗ್ಲಿಷ್ ವಾಕ್ಯ ಬರೀಬೇಕು, ತಪ್ಪಿದ್ದರೂ ಸರಿ. ಮಾರನೇ ದಿನ ಉಳಿದದ್ದನ್ನು ಓದುತ್ತೇವೆ. ಟಿವಿ ಕೊನೆಗೆ. ಆಗ ಮಕ್ಕಳೇ 'ಪುಸ್ತಕದಲ್ಲಿ ಹಾಗಿಲ್ಲ ಸಾರ್' ಅಂತ ತಪ್ಪು ಹುಡುಕುತ್ತಾ ಕೂರುತ್ತಾರೆ.

ಮೂರನೇ_ಬೆಂಚು:

ಎಲ್ಲ ಕೇಳೋಕೆ ಚೆನ್ನಾಗಿದೆ ಮೇಷ್ಟ್ರೇ. ಲೇಬಲ್ಲು, ಧಾರಾವಾಹಿ, ಎಲ್ಲ ಸರಿ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿಯ 80 ಅಂಕದ ಪೇಪರ್ ಬರೆಯೋದು ಆ ಮಗುವೇ. ಉಳಿದ 20 ನಾವು ಇಂಟರ್ನಲ್ ಹಾಕ್ತೀವಿ. ಫೆಬ್ರವರಿ ಬಂತು ಅಂದರೆ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೋತ್ತರ, ಹಿಡಿದು ಕೂರಿಸಲೇಬೇಕು, ರಿಸಲ್ಟ್ ಕಡಿಮೆ ಆದರೆ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕಾದವರು ನಾವು. ನಮ್ಮಲ್ಲಿ ಪ್ರೊಜೆಕ್ಟರ್ ಇದೆ, ಮಧ್ಯಾಹ್ನ ಕರೆಂಟ್ ಇರಲ್ಲ, ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಆಯಿತು. ಸೀಮೆಸುಣ್ಣವೇ ವಾಸಿ.

ಅಡಿಕೆತೋಟದ_ಮೇಷ್ಟ್ರು:

ಸರ್, ಪ್ಯಾಕೇಜ್ ನಾನೂ ಮಾಡಿಸುತ್ತೇನೆ, ಸುಳ್ಳು ಹೇಳಲ್ಲ. ಆದರೆ ಪೇಪರಿನಲ್ಲಿ ನೋಡದ ಪ್ಯಾಸೇಜ್ ಕೊಡ್ತಾರೆ, ಒಬ್ಬರ ವಿವರ ಕೊಟ್ಟು ಪ್ರೊಫೈಲ್ (ಪರಿಚಯ) ಬರೆಸ್ತಾರೆ, ಚಿತ್ರ ನೋಡಿ ಬರೀರಿ ಅಂತಾರೆ, ಪತ್ರ ಇದೆ. ಇವು ಯಾವುದೂ ಬಾಯಿಪಾಠಕ್ಕೆ ಸಿಗಲ್ಲ. ನೋಡದ್ದನ್ನು ಓದುವ ಧೈರ್ಯ ಬರಬೇಕಾದರೆ ವರ್ಷ ಪೂರ್ತಿ ನೋಡದ್ದನ್ನು ಓದಿರಬೇಕು, ಅಲ್ವಾ? ಕರೆಂಟ್ ವಿಷಯದಲ್ಲಿ ನೀವು ಹೇಳಿದ್ದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬೆಳಗಿನ_ಬಸ್ಸು:

ನಾನು ಟಿವಿ ಬಿಟ್ಟು ಫೋನಿನಲ್ಲೇ ಕೆಲಸ ನಡೆಸುತ್ತೇನೆ. ಕರೆಂಟಿನ ತಾಪತ್ರಯ ಇಲ್ಲ.

ಸ್ಟೋರಿವೀವರ್ ಗೊತ್ತಿರಬೇಕು, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ. ಕಥೆಗಳು ಪುಕ್ಕಟೆ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ಎಷ್ಟೋ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಓದಿನ ಮಟ್ಟ ಒಂದರಿಂದ ನಾಲ್ಕು. ತೊಂದರೆ ಏನೆಂದರೆ ನಮ್ಮ ಹದಿನಾಲ್ಕು ವರ್ಷದ ಹುಡುಗರಿಗೆ ಬೇಕಾಗಿರೋದು ಮಟ್ಟ ಒಂದು ಅಥವಾ ಎರಡು, ಅದನ್ನು ಕೊಟ್ಟರೆ 'ಇದು ಚಿಕ್ಕ ಮಕ್ಕಳದ್ದು ಮಿಸ್' ಅಂತ ಮುಟ್ಟೋದೇ ಇಲ್ಲ. ಮೀಸೆ ಚಿಗುರುತ್ತಿರುವವನಿಗೆ ಆನೆಮರಿ ಕಥೆ ಕೊಟ್ಟರೆ ಅವಮಾನ ಆಗದೆ ಇರುತ್ತಾ ಹೇಳಿ.

ಹಾಗಾಗಿ ಒಂದು ಉಪಾಯ ಮಾಡಿದೆ. ಪಕ್ಕದ ಪ್ರೈಮರಿ ಸ್ಕೂಲಿನ ಮೂರನೇ ಕ್ಲಾಸಿನವರಿಗೆ ನೀವು ಕಥೆ ಓದಿ ರೆಕಾರ್ಡ್ ಮಾಡಿ ಕೊಡಬೇಕು ಅಂದೆ. ಈಗ ಅದು ಚಿಕ್ಕವರ ಪುಸ್ತಕ ಅಲ್ಲ, ಚಿಕ್ಕವರಿಗೆ ಮಾಡುವ ಕೆಲಸ. ನನ್ನ ಫೋನಿನ ವಾಯ್ಸ್ ರೆಕಾರ್ಡರ್, ಸ್ಟಾಫ್ ರೂಮಿನ ಮೂಲೆ, ನಾಲ್ಕು ಜನರ ಗುಂಪು. ಒಬ್ಬಳು 'ಲಾಫ್ಡ್' ಅನ್ನೋದನ್ನು 'ಲಾಗ್‌ಹೆಡ್' ಅಂತ ಓದಿದಳು, ಕೇಳಿಸಿಕೊಂಡಳು, ಇವಳೇ ನಕ್ಕಳು, ಅಳಿಸಿ ಮತ್ತೆ ಓದಿದಳು. ಒಂಬತ್ತು ಸಲ! ನಾನು ಒಂದು ಸಲವೂ 'ಮತ್ತೆ ಓದು' ಅಂದಿಲ್ಲ.

ಗೂಗಲ್ಲಿನ ರೀಡ್ ಅಲಾಂಗ್ ಕೂಡ ಒಳ್ಳೇದು, ಮಗು ಓದಿದ್ದನ್ನು ಕೇಳಿ ದಿಯಾ ಅನ್ನೋ ಗೊಂಬೆ ತಿದ್ದುತ್ತದೆ. ಆದರೆ ತುಂಬಿದ ಕ್ಲಾಸಿನಲ್ಲಿ ಉಪಯೋಗ ಇಲ್ಲ, ಪಕ್ಕದವನ ಗಲಾಟೆಯೂ ಮೈಕಿಗೆ ಬೀಳುತ್ತದೆ. ಮನೆಗೆ ಸರಿ.

ಪತ್ರದ ವಿಷಯಕ್ಕೆ ಒಂದು ಮಾತು. ಹೋದ ತಿಂಗಳು ಊರ ಜಾತ್ರೆಗೆ ರಜೆ ಕೇಳಿ ಪತ್ರ ಬರೆದು ತನ್ನಿ ಅಂದೆ. ಹನ್ನೊಂದು ಪತ್ರ 'ಐ ಹೋಪ್ ದಿಸ್ ಲೆಟರ್ ಫೈಂಡ್ಸ್ ಯು ವೆಲ್' ಅಂತ ಶುರುವಾಗಿದ್ದವು. ಅಣ್ಣಂದಿರ ಫೋನಿನಲ್ಲಿ ಚಾಟ್‌ಜಿಪಿಟಿ! ಬೈಯಲಿಲ್ಲ. ಒಂದನ್ನು ಬೋರ್ಡಿನ ಮೇಲೆ ಬರೆದೆ. ನಿಮ್ಮ ಬಾಯಲ್ಲಿ ಬರದ ಪದ ಎಲ್ಲ ಹೊಡೆದು ಹಾಕಿ ಅಂದೆ. ಹದಿನಾಲ್ಕು ಸಾಲು ಐದಕ್ಕೆ ಇಳೀತು, ಅದರಲ್ಲಿ ತೇರು ಎಳೆಯೋ ವಿಷಯವೇ ಇಲ್ಲ ಅಂತ ಆಗ ಅವರಿಗೇ ಗೊತ್ತಾಯಿತು, ಸೇರಿಸಿದರು.

ಸಿಲ್ಕ್‌ಬೋರ್ಡ್_ಜಾಮ್:

ನಾನು ಟೀಚರ್ ಅಲ್ಲ. ಹತ್ತರ ತನಕ ಕನ್ನಡ ಮಾಧ್ಯಮ, ಈಗ ಬೆಂಗಳೂರಲ್ಲಿ ಕೆಲಸ. ನನಗೆ ಇಂಗ್ಲಿಷ್ ಕಿವಿಗೆ ಹತ್ತಿದ್ದು ಇಂಗ್ಲಿಷ್ ಮಾತಿಗೆ ಇಂಗ್ಲಿಷಿನದೇ ಅಕ್ಷರ ಕೆಳಗೆ ಓಡುವ ವಿಡಿಯೋಗಳಿಂದ. ಬ್ರಿಜ್ ಕೊಠಾರಿ ಅವರು ಹಿಂದಿ ಸಿನಿಮಾ ಹಾಡಿಗೆ ಹಿಂದಿಯಲ್ಲೇ ಸಾಲು ಹಾಕಿಸಿ ಜನರ ಓದು ಸುಧಾರಿಸೋ ಕೆಲಸ ಮಾಡಿದ್ದಾರಲ್ಲ, ಅದೇ ಲೆಕ್ಕ. ಬಿಬಿಸಿಯ ಆರು ನಿಮಿಷದ ಇಂಗ್ಲಿಷ್ ಕಾರ್ಯಕ್ರಮಕ್ಕೆ ಪೂರ್ತಿ ಬರಹವೂ ಸಿಗುತ್ತದೆ. ವೇಗ 0.75ಕ್ಕೆ ಇಟ್ಟು ಕೇಳುತ್ತಿದ್ದೆ. ಯೂಟ್ಯೂಬ್ ತಾನೇ ಹಾಕುವ ಅಕ್ಷರದಲ್ಲಿ ತಪ್ಪು ಇರುತ್ತದೆ, ನಮ್ಮವರ ಉಚ್ಚಾರಣೆ ಬಂದರಂತೂ ಕೇಳೋದೇ ಬೇಡ. ಅದನ್ನೇ ಮಕ್ಕಳಿಗೆ ಆಟ ಮಾಡಿ, ತಪ್ಪು ಹಿಡಿದವರಿಗೆ ಒಂದು ಪಾಯಿಂಟ್.

ಕೆರೆದಂಡೆ_ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸ್ಕೋರ್‌ಕಾರ್ಡಿನ ಫೋಟೋ ಟಿವಿಗೆ ಹಾಕಿ ಆ ಹುಡುಗನನ್ನೇ ಕರೆದೆ. ಮೊದಲು ತಲೆ ತಗ್ಗಿಸಿದ. 'ಇಲ್ಲಿ ರನ್ ಔಟ್ ಆದವರು ಯಾರು' ಅಂತ ಹಿಂದಿನಿಂದ ಯಾರೋ ಕೇಳಿದರು. ಕೋಲು ತಗೊಂಡು ತೋರಿಸಿದ. ಆಮೇಲೆ 'ಹೂ ಗಾಟ್ ಔಟ್ ಫಾರ್ ಜೀರೋ?' ಅಂತ ಹುಡುಗಿಯರ ಕಡೆಯಿಂದ ಇಂಗ್ಲಿಷಿನಲ್ಲೇ ಪ್ರಶ್ನೆ ಬಂತು. ಪೀರಿಯಡ್ ಮುಗಿದಿದ್ದು ಗೊತ್ತಾಗಲಿಲ್ಲ. ಪಾಠ ಒಂದು ಪುಟವೂ ಮುಂದೆ ಹೋಗಿಲ್ಲ, ಹೆಚ್.ಎಂ.ಗೆ ನಾಳೆ ಏನೋ ಒಂದು ಹೇಳಬೇಕು.

ಬಸ್ಸಿನವರೇ, ಆ ರೆಕಾರ್ಡಿಂಗ್ ಮೂರನೇ ಕ್ಲಾಸಿನವರಿಗೆ ಹೇಗೆ ಕೇಳಿಸ್ತೀರಿ? ನಮ್ಮ ಪಕ್ಕದ ಸ್ಕೂಲಿನಲ್ಲಿ ಸ್ಪೀಕರ್ ಇಲ್ಲ.

ಬೆಳಗಿನ_ಬಸ್ಸು:

ಪ್ರಾರ್ಥನೆಗೆ ಬಳಸೋ ಮೈಕ್ ಇರುತ್ತಲ್ಲ, ಅದರ ಮುಂದೆ ಫೋನ್ ಹಿಡೀರಿ. ಸ್ವಲ್ಪ ಕೊಯ್ಯ್ ಅನ್ನುತ್ತೆ, ಮಕ್ಕಳಿಗೆ ಅದೂ ಇಷ್ಟ.