'ರೆಂಟ್' ಅಂದ್ರೆ ಕೊಟ್ಟಿದ್ದಾ, ತಗೊಂಡಿದ್ದಾ?

ಪ್ರಶ್ನೆ:
ಗೆಳೆಯನೊಬ್ಬ 'ಐ ರೆಂಟೆಡ್ ದ ಜಯನಗರ ಹೌಸ್' ಅಂತ ಮೆಸೇಜ್ ಹಾಕಿದ್ದಾನೆ. ಅವನಿಗೆ ಅಲ್ಲಿ ಅಪ್ಪ ಕಟ್ಟಿಸಿದ ಮನೆಯೂ ಇದೆ, ಬೇರೆ ಮನೆ ಹುಡುಕ್ತಾನೂ ಇದ್ದ. ಈಗ ಮನೆ ಹಿಡಿದನೋ, ತನ್ನ ಮನೆ ಬಾಡಿಗೆಗೆ ಕೊಟ್ಟನೋ? ಎರಡಕ್ಕೂ ಒಂದೇ ಪದನಾ? ಲೆಟ್, ಲೀಸ್, ಹೈರ್ ಎಲ್ಲ ಎಲ್ಲಿ ಬರುತ್ತವೆ?

ಉತ್ತರ 1:
ಹೌದು, ರೆಂಟ್ ಎರಡೂ ಕಡೆಗೆ ಓಡುತ್ತೆ. ಪಕ್ಕದ ಸಣ್ಣ ಪದ ನೋಡಿ. 'ರೆಂಟ್ ಫ್ರಮ್' ಅಂದ್ರೆ ತಗೊಂಡಿದ್ದು, 'ರೆಂಟ್ ಟು' ಅಥವಾ 'ರೆಂಟ್ ಔಟ್' ಅಂದ್ರೆ ಕೊಟ್ಟಿದ್ದು. ಏನೂ ಇಲ್ಲದೆ ಬರೀ 'ರೆಂಟೆಡ್ ಎ ಹೌಸ್' ಅಂದ್ರೆ ಸಾಮಾನ್ಯವಾಗಿ ಮನೆ ಹಿಡಿದ ಅಂತಲೇ. ಆದ್ರೆ ನಿಮ್ಮವನು 'ದ' ಅಂದಿದ್ದಾನೆ, ಅಂದ್ರೆ ನಿಮಗೂ ಗೊತ್ತಿರೋ 'ಆ' ಮನೆ, ಅದು ಅಪ್ಪ ಕಟ್ಟಿಸಿದ್ದೂ ಆಗಿರಬಹುದು, ಅಲ್ಲೇ ಎಡವಟ್ಟು. ಫೋನ್ ಮಾಡಿ ಕೇಳಿಬಿಡಿ.

ಉತ್ತರ 2:
ಲೆಟ್ ಮಾತ್ರ ಓನರ್ ಕಡೆಯ ಪದ. ಗೇಟಿಗೆ ನೇತು ಹಾಕ್ತಾರಲ್ಲ, ಟು-ಲೆಟ್ ಬೋರ್ಡು, ಅದೇ. ಇದು ಬ್ರಿಟಿಷ್ ಬಳಕೆ, ಅಮೆರಿಕದಲ್ಲಿ 'ಫಾರ್ ರೆಂಟ್' ಅಂತ ಹಾಕ್ತಾರೆ. ಕನ್ನಡದವರಿಗೆ ಇದು ಸುಲಭ, ಲೆಟ್ ಅಂದ್ರೆ ಬಿಡು, ನಾವೂ 'ಮನೆ ಬಾಡಿಗೆಗೆ ಬಿಟ್ಟಿದ್ದೀವಿ' ಅಂತೀವಲ್ವಾ? ಭೂತಕಾಲದಲ್ಲೂ ಲೆಟ್ ಅಂತಲೇ ಇರುತ್ತೆ, 'ಲೆಟೆಡ್' ಅಂತ ಬರೆಯಬೇಡಿ. ಬಾಡಿಗೆಗೆ ಇದ್ದವರೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ರೆ ಸಬ್‌ಲೆಟ್. ಇದು ಮಾಡಕೂಡದು ಅಂತ ಎಷ್ಟೋ ಅಗ್ರಿಮೆಂಟ್‌ಗಳಲ್ಲಿ ಒಂದು ಸಾಲು ಇರುತ್ತೆ, ಸಹಿ ಹಾಕೋ ಮುಂಚೆ ಓದಿ.

ಉತ್ತರ 3:
ಲೀಸ್ ವಿಷಯದಲ್ಲಿ ಬೆಂಗಳೂರಿನವರು ಹುಷಾರಾಗಿರಬೇಕು. ನಮ್ಮಲ್ಲಿ 'ಮನೆ ಲೀಸ್‌ಗೆ ಇದೆ' ಅಂದ್ರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ದುಡ್ಡು ವಾಪಸ್ ತಗೊಳ್ಳೋದು. ಹಳಬರು ಭೋಗ್ಯ ಅಂತಾರೆ. ಹೊರಗಿನವರಿಗೆ ಈ ಅರ್ಥ ಗೊತ್ತೇ ಇರಲ್ಲ. ಅಮೆರಿಕದಲ್ಲಿ 'ಐ ಸೈನ್ಡ್ ಎ ಲೀಸ್' ಅಂದ್ರೆ ಸುಮ್ನೆ ಬಾಡಿಗೆ ಕರಾರಿಗೆ ಸಹಿ ಹಾಕಿದೆ ಅಂತ, ತಿಂಗಳ ಬಾಡಿಗೆ ಕಟ್ಟಲೇಬೇಕು. ಅಲ್ಲಿಗೆ ಹೊಸದಾಗಿ ಹೋದವರು 'ಲೀಸ್ ಮುಗಿದ ಮೇಲೆ ದುಡ್ಡು ವಾಪಸ್ ಬರುತ್ತಾ' ಅಂತ ಕೇಳಿದ್ರೆ ಎದುರಿನವರು ಡೆಪಾಸಿಟ್ ಬಗ್ಗೆ ಹೇಳ್ತಾರೆ, ಇಬ್ಬರಿಗೂ ತಲೆಬುಡ ತಿಳಿಯಲ್ಲ.

ಇಲ್ಲಿ ಬಾಡಿಗೆ ಅಗ್ರಿಮೆಂಟ್ 11 ತಿಂಗಳಿಗೆ ಯಾಕೆ ಮಾಡ್ತಾರೆ ಗೊತ್ತಾ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಲೀಸ್ (ಕಾನೂನಿನಲ್ಲಿ ತಿಂಗಳ ಬಾಡಿಗೆ ಕರಾರೂ ಲೀಸೇ) ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬೇಕು. ಅದನ್ನ ತಪ್ಪಿಸೋಕೆ. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಡೋರು ಬರೀ ಸ್ಟಾಂಪ್ ಪೇಪರ್ ನಂಬಬೇಡಿ, ಇಸಿ (ಆಸ್ತಿ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸೋ ಸರ್ಟಿಫಿಕೇಟ್) ತೆಗೆಸಿ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ, ಕರಾರು ನೋಂದಾಯಿಸಿ. ಪ್ರಶ್ನೆಗೆ ಸಂಬಂಧ ಇಲ್ಲ, ಆದ್ರೂ ಹೇಳಿದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಹಾಗಾದ್ರೆ ಮದುವೆಗೆ ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆ ತರ್ತೀವಲ್ಲ, ಅದಕ್ಕೆ?

ಉತ್ತರ 2:
ಬ್ರಿಟನ್‌ನಲ್ಲಿ ಹೈರ್, ಅಮೆರಿಕದಲ್ಲಿ ರೆಂಟ್. ಕಾರಿಗೂ ಹಾಗೇ. ಅಮೆರಿಕದವರ ಹತ್ತಿರ 'ಐ ಹೈರ್ಡ್ ಎ ಡ್ರೈವರ್' ಅಂದ್ರೆ ಕೆಲಸಕ್ಕೆ ಇಟ್ಕೊಂಡೆ ಅಂತ ಅರ್ಥ. ಲೆಟ್ ಇಲ್ಲಿ ಬರಲ್ಲ, ಅದು ಮನೆ, ಅಂಗಡಿ, ಜಾಗಕ್ಕೆ.