‘ಪಥ ಗುಣಾಂಕ’ ಮತ್ತು ‘ಮಾನಕೀಕೃತ ರಿಗ್ರೆಷನ್ ಗುಣಾಂಕ’: ಒಂದರ ಬದಲು ಇನ್ನೊಂದನ್ನು ಬಳಸಬಹುದೇ?

ಮಾನ್ಯರೇ,

ಪುಣೆಯ ಸಂಶೋಧಕರೊಬ್ಬರ ಪ್ರಬಂಧದ ಕನ್ನಡ ಸಾರಾಂಶವನ್ನು ತಿದ್ದುತ್ತಿದ್ದೇನೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಮನೆಯಲ್ಲಿ ಕನ್ನಡ ಆಡುವುದಕ್ಕೂ ಕನ್ನಡ ಓದಬಲ್ಲುದಕ್ಕೂ ಇರುವ ನಂಟು ಅದರ ವಿಷಯ. ಚರಗಳ (ಅಳೆಯುವ ಸಂಗತಿಗಳ) ನಡುವಿನ ಕಾರಣ-ಫಲದ ನಂಟುಗಳನ್ನು ಬಾಣಗಳಿಂದ ತೋರಿಸಿ ಲೆಕ್ಕಹಾಕುವ ಸ್ಟ್ರಕ್ಚರಲ್ ಈಕ್ವೇಷನ್ ಮಾದರಿಯಲ್ಲಿ, ಬಾಣದ ಮೇಲಿನ ಒಂದೇ ಅಂಕಿಯನ್ನು ಅವರು ಒಂದೆಡೆ ‘ಪಥ ಗುಣಾಂಕ’ ಎಂದೂ ಇನ್ನೊಂದೆಡೆ ‘ಮಾನಕೀಕೃತ ರಿಗ್ರೆಷನ್ ಗುಣಾಂಕ’ ಎಂದೂ ಕರೆದಿದ್ದಾರೆ. (ರಿಗ್ರೆಷನ್ ಎಂದರೆ ಒಂದು ಚರ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ಲೆಕ್ಕ.)

ಹುಟ್ಟನ್ನು ನೋಡಿದರೆ ಇದರಲ್ಲಿ ತಪ್ಪಿಲ್ಲ. ಅಮೆರಿಕದ ತಳಿವಿಜ್ಞಾನಿ ಸೂವಾಲ್ ರೈಟ್ ಅವರು 1920ರ ಸುಮಾರಿಗೆ, ಗಿನಿಯಿಲಿಗಳ ಮೈಬಣ್ಣದಲ್ಲಿ ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ಬಿಡಿಸಲು ಪಥ ವಿಶ್ಲೇಷಣೆಯ ವಿಧಾನವನ್ನು ಬಳಸಿದಾಗ, ಪಥ ಗುಣಾಂಕವೆಂದರೆ ಮಾನಕ ವಿಚಲನೆಯ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ) ಅಳತೆಗೆ ತಂದ, ಅಂದರೆ ಮಾನಕೀಕರಿಸಿದ, ಸಂಖ್ಯೆಯೇ ಆಗಿತ್ತು. ಮೂಲ ಅಳತೆಯಲ್ಲೇ ಉಳಿದ ಸಂಖ್ಯೆಯನ್ನು ಅವರು ‘ಪಾತ್ ರಿಗ್ರೆಷನ್’ ಎಂದು ಬೇರೆಯಾಗಿ ಕರೆದರು. ಇಂದು ಆ ಶಿಸ್ತು ಉಳಿದಿಲ್ಲ. ಇಂಥ ಮಾದರಿಗಳನ್ನು ಲೆಕ್ಕಹಾಕುವ ಆಮೋಸ್ ತಂತ್ರಾಂಶವು ಬಾಣಗಳ ಮೇಲಿನ ಮೂಲ ಅಳತೆಯ ಅಂಕಿಗಳನ್ನು ‘ರಿಗ್ರೆಷನ್ ವೇಟ್ಸ್’ ಎಂಬ ಪಟ್ಟಿಯಲ್ಲೂ ಮಾನಕೀಕರಿಸಿದವನ್ನು ‘ಸ್ಟ್ಯಾಂಡರ್ಡೈಜ್ಡ್ ರಿಗ್ರೆಷನ್ ವೇಟ್ಸ್’ ಎಂಬ ಪಟ್ಟಿಯಲ್ಲೂ ಕೊಡುತ್ತದೆ. ಬರೆಯುವವರು ಎರಡನ್ನೂ ಪಥ ಗುಣಾಂಕವೆಂದೇ ಕರೆಯುತ್ತಾರೆ.

ಎಲ್ಲ ಚರಗಳೂ ನೇರವಾಗಿ ಅಳೆದವಾಗಿದ್ದು, ಬಾಣಗಳು ಒಂದೇ ದಿಕ್ಕಿನಲ್ಲಿ ಸಾಗಿ, ದೋಷಪದಗಳ (ಮಾದರಿ ವಿವರಿಸದೆ ಉಳಿದ ಭಾಗಗಳ) ನಡುವೆ ಸಹಸಂಬಂಧವಿಲ್ಲದಿದ್ದರೆ, ಒಂದೊಂದೇ ಸಮೀಕರಣವನ್ನು ಸಾಮಾನ್ಯ ರಿಗ್ರೆಷನ್‌ನಿಂದ ಬಿಡಿಸಿದರೂ ಅವೇ ಗುಣಾಂಕಗಳು ದೊರೆಯುತ್ತವೆ. ಅಂಥಲ್ಲಿ ಯಾವ ಹೆಸರಾದರೂ ನಡೆದೀತು. ಆದರೆ ಈ ಪ್ರಬಂಧದಲ್ಲಿ ‘ಮನೆಯ ಕನ್ನಡ’ ಎಂಬುದು ಹಲವು ಪ್ರಶ್ನೆಗಳ ಹಿಂದೆ ಅಡಗಿರುವ ಚರ. ಮಾದರಿಯು ಅಳತೆಯ ದೋಷವನ್ನು ಬೇರ್ಪಡಿಸಿಯೇ ಗುಣಾಂಕವನ್ನು ಕೊಡುತ್ತದೆ. ಕಾರಣವೂ ಫಲವೂ ಒಂದೊಂದೇ ಇದ್ದು, ಕಾರಣದ ಅಳತೆಯ ವಿಶ್ವಾಸಾರ್ಹತೆ (ಅಂಕಗಳ ಏರಿಳಿತದಲ್ಲಿ ಅಳತೆಯ ದೋಷವಲ್ಲದ ಪಾಲು) 0.64 ಎಂದಿಟ್ಟುಕೊಂಡರೆ, ಪ್ರಶ್ನೆಗಳ ಅಂಕಗಳನ್ನು ಸುಮ್ಮನೆ ಕೂಡಿಸಿ ಮಾಡಿದ ರಿಗ್ರೆಷನ್‌ನಲ್ಲಿ 0.40 ಬಂದ ಮಾನಕೀಕೃತ ಗುಣಾಂಕ ಇಲ್ಲಿ 0.64ರ ವರ್ಗಮೂಲವಾದ 0.8ರಿಂದ ಭಾಗವಾಗಿ 0.50 ಆಗುತ್ತದೆ. ಇವೆರಡನ್ನು ಒಂದೇ ಹೆಸರಿನಡಿ ಅಕ್ಕಪಕ್ಕ ಇಟ್ಟರೆ ಓದುಗರು ದಾರಿ ತಪ್ಪುವುದು ಖಂಡಿತ.

ಊರೂರಿನ ಹೋಲಿಕೆಯಲ್ಲಂತೂ ಹೆಸರು ಇನ್ನೂ ಮುಖ್ಯ. ಮಾತಿಗೆ, ದಿನಕ್ಕೆ ಒಂದು ಗಂಟೆ ಹೆಚ್ಚು ಕನ್ನಡ ಆಡುವ ಮಗುವಿಗೆ ಓದಿನಲ್ಲಿ 1.5 ಅಂಕ ಹೆಚ್ಚು ಎಂಬುದು ಎರಡೂ ಊರುಗಳಲ್ಲಿ ಸಮ ಎನ್ನೋಣ. ಅಂಕಗಳ ಮಾನಕ ವಿಚಲನೆ ಎರಡೂ ಕಡೆ 10; ಗಂಟೆಗಳದ್ದು ಮುಂಬಯಿಯಲ್ಲಿ 2, ಪುಣೆಯಲ್ಲಿ 3. ಮಾನಕೀಕರಿಸಿದರೆ ಮುಂಬಯಿಗೆ 0.30 (1.5 × 2 ÷ 10), ಪುಣೆಗೆ 0.45 (1.5 × 3 ÷ 10). ಪುಣೆಯಲ್ಲಿ ಪರಿಣಾಮ ಹೆಚ್ಚು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅಲ್ಲಿ ಹೆಚ್ಚಿರುವುದು ಮನೆಯಿಂದ ಮನೆಗಿರುವ ವ್ಯತ್ಯಾಸ ಮಾತ್ರ.

ಆದ್ದರಿಂದ ‘ಪಥ ಗುಣಾಂಕ’ವನ್ನು ಮಾದರಿಯ ಬಾಣಕ್ಕೆ ಸಾಮಾನ್ಯ ಹೆಸರಾಗಿ ಇಟ್ಟುಕೊಂಡು, ‘ಮಾನಕೀಕೃತ’ ಎಂಬ ವಿಶೇಷಣವನ್ನು ಪ್ರತಿ ಕೋಷ್ಟಕದಲ್ಲೂ ಬಿಡದೆ ಸೇರಿಸಬೇಕೆಂದು ನನ್ನ ಅಭಿಪ್ರಾಯ. ಮಹಾರಾಷ್ಟ್ರದಲ್ಲಿ ಕನ್ನಡ ಬರೆಯುವವರು ಮರಾಠಿಯ ‘ಪ್ರಮಾಣ ವಿಚಲನ’ದ (ಮಾನಕ ವಿಚಲನೆಯ) ರೂಢಿಯಿಂದ ‘ಪ್ರಮಾಣೀಕೃತ’ ಎಂದು ಬರೆಯುವುದುಂಟು. ಕನ್ನಡದಲ್ಲಿ ಅದು ದೃಢೀಕರಿಸಿದ ದಾಖಲೆಯನ್ನು ನೆನಪಿಸುವುದರಿಂದ ನಾನು ಒಪ್ಪಿಲ್ಲ. ಮಾನಕೀಕರಿಸದ ಗುಣಾಂಕಕ್ಕೆ ‘ಅಮಾನಕ’ ಎಂದರೆ ಕಳಪೆ ಎಂಬ ಧ್ವನಿ ಬರುತ್ತದೆ. ‘ಮೂಲಮಾನದ ಪಥ ಗುಣಾಂಕ’ ಎನ್ನಬಹುದೇ, ಅಥವಾ ಕನ್ನಡದ ಸಂಖ್ಯಾಶಾಸ್ತ್ರ ಪಠ್ಯಗಳಲ್ಲಿ ಇದಕ್ಕೆ ಬೇರೆ ಪದ ಬಳಕೆಯಲ್ಲಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.