ಶಾಲೆಗೆ ಹೊಸ ಕಟ್ಟಡ: ದುಡ್ಡು ಒಟ್ಟು ಮಾಡುವುದು ಹೇಗೆ? ಆಡಿಟರ್ ಹತ್ತಿರ ಕೇಳಿ

ಪ್ರಶ್ನೆ – ಶಾಲಾ ಕಟ್ಟಡ ಸಮಿತಿ ಸದಸ್ಯೆ, ಮಂಜೇಶ್ವರ ತಾಲೂಕು

ನಮಸ್ಕಾರ ಸರ್. ನಮ್ಮದು ಇಗರ್ಜಿಯ ಪಕ್ಕದಲ್ಲೇ ಇರುವ ಖಾಸಗಿ ಶಾಲೆ. ಸರಕಾರದ ಅನುದಾನ ಇಲ್ಲ. ಈಗ ಏಳನೇ ಕ್ಲಾಸಿನವರೆಗೆ ಉಂಟು. ಏಳು ಮುಗಿದ ಮೇಲೆ ಮಕ್ಕಳು ಬಸ್ಸು ಹಿಡಿದು ದೂರ ಹೋಗಬೇಕು, ಕೆಲವರು ತಲಪಾಡಿ ದಾಟಿ ಮಂಗಳೂರು ಕಡೆಗೇ ಹೋಗುತ್ತಾರೆ. ಹಾಗಾಗಿ ಹೈಸ್ಕೂಲ್ ಶುರು ಮಾಡುವ ಅಂತ ತೀರ್ಮಾನ ಆಗಿದೆ. ಆರು ಕೋಣೆ, ಒಂದು ಲ್ಯಾಬ್, ಹೆಣ್ಣುಮಕ್ಕಳಿಗೆ ಶೌಚಾಲಯ. ಇಂಜಿನಿಯರ್ ಕೊಟ್ಟ ಎಸ್ಟಿಮೇಟ್ 1.20 ಕೋಟಿ ರೂಪಾಯಿ. ಕೈಯಲ್ಲಿರುವುದು 18 ಲಕ್ಷ.

ಸಮಿತಿಯಲ್ಲಿ ಮೂರು ಸಲಹೆ ಬಂತು. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳ ಹತ್ತಿರ ಕೇಳುವುದು. ವಾರ್ಷಿಕ ಹಬ್ಬಕ್ಕೆ ಲಕ್ಕಿ ಡ್ರಾ ಕೂಪನ್ ಮಾರುವುದು, ಮೊದಲ ಬಹುಮಾನ ಸ್ಕೂಟರ್. ಮತ್ತೆ, ಹೊಸದಾಗಿ ಸೇರುವ ಪ್ರತಿ ಮಗುವಿನ ಮನೆಯವರಿಂದ 25,000 ಕಟ್ಟಡ ನಿಧಿ. ಫಾದರ್ ಹೇಳಿದರು, ಮೊದಲು ಯಾರಾದರೂ ತಿಳಿದವರ ಹತ್ತಿರ ಕೇಳಿ ಅಂತ. ಯಾವುದು ಸರಿ ಸರ್?

ಉತ್ತರ – ಚಾರ್ಟರ್ಡ್ ಅಕೌಂಟೆಂಟ್, ಕಾಸರಗೋಡು

ನಮಸ್ಕಾರ ಮೇಡಂ. ಫಾದರ್ ಮೊದಲೇ ಕೇಳಲು ಹೇಳಿದ್ದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು ರಸೀದಿ ಪುಸ್ತಕ ಅಚ್ಚಾದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ಮೂರನೆಯದ್ದನ್ನು ಮೊದಲು ಹೇಳುತ್ತೇನೆ, ಅದನ್ನು ಇವತ್ತೇ ಕೈಬಿಡಿ. ಸೀಟು ಕೊಡುವಾಗ ಕಡ್ಡಾಯವಾಗಿ ತೆಗೆದುಕೊಳ್ಳುವ ದುಡ್ಡಿಗೆ ಯಾವ ಹೆಸರಿಟ್ಟರೂ ಅದು ಕ್ಯಾಪಿಟೇಶನ್ನೇ. 2002ರ ಟಿ.ಎಂ.ಎ. ಪೈ ತೀರ್ಪು, 2005ರ ಇನಾಮ್ದಾರ್ ತೀರ್ಪು ಎರಡರಲ್ಲೂ ಸುಪ್ರೀಂ ಕೋರ್ಟ್ ಇದನ್ನು ಬೇಡ ಅಂದಿದೆ. ಅನುದಾನ ಇಲ್ಲದ ಸಂಸ್ಥೆಗೂ, ಅಲ್ಪಸಂಖ್ಯಾತರ ಸಂಸ್ಥೆಗೂ ಅದು ಅನ್ವಯ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಇಲ್ಲ ಅಂತ 2014ರಲ್ಲಿ ತೀರ್ಪು ಬಂದದ್ದು ನಿಜ. ಅದನ್ನು ಹಿಡಿದುಕೊಂಡು ಡೊನೇಷನ್ ತೆಗೆದುಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದಾಯ ತೆರಿಗೆಯವರೂ ಅದನ್ನು ದೇಣಿಗೆ ಅಂತ ಒಪ್ಪುವುದಿಲ್ಲ, ದೇಣಿಗೆ ಅಂದರೆ ಮನಸಾರೆ ಕೊಟ್ಟದ್ದು ಆಗಿರಬೇಕು.

ಅದೇ ಟಿ.ಎಂ.ಎ. ಪೈ ತೀರ್ಪಿನಲ್ಲಿ ನಿಮಗೆ ಉಪಯೋಗ ಆಗುವ ಇನ್ನೊಂದು ಮಾತಿದೆ. ಶಾಲೆಯ ಬೆಳವಣಿಗೆಗೆ ಬೇಕಾದಷ್ಟು ಮಿತವಾದ ಉಳಿತಾಯ ಬರುವ ಹಾಗೆ ಫೀಸು ಇಡಬಹುದು. ಎಲ್ಲ ಕ್ಲಾಸಿಗೂ ಫೀಸಿನಲ್ಲಿ ಸ್ವಲ್ಪ ಏರಿಸಿ, ಪಿಟಿಎ (ಪೋಷಕ-ಶಿಕ್ಷಕ ಸಂಘ) ಸಭೆಯಲ್ಲಿ ಲೆಕ್ಕ ಇಟ್ಟು, ರಸೀದಿ ಕೊಟ್ಟು ತೆಗೆದುಕೊಳ್ಳಿ. ಒಂದೇ ಮಗುವಿನ ಅಪ್ಪನ ಮೇಲೆ 25,000 ಹೊರಿಸುವುದಕ್ಕಿಂತ ಇದು ಎಷ್ಟೋ ನ್ಯಾಯ.

ಲಕ್ಕಿ ಡ್ರಾ ಕೂಡ ಬೇಡ. ಊರಲ್ಲಿ ಎಲ್ಲರೂ ಮಾಡುತ್ತಾರೆ, ನನಗೆ ಗೊತ್ತು. ಆದರೆ ಸರಕಾರದ ಅನುಮತಿ ಇಲ್ಲದ ಲಾಟರಿ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ ಪ್ರಕಾರ ಅಪರಾಧ. ಕೇರಳದಲ್ಲಂತೂ 1967ರಿಂದ ಸರಕಾರವೇ ಲಾಟರಿ ನಡೆಸುತ್ತಿದೆ. ಶಾಲೆಯ ಹೆಸರಿನ ಕೂಪನ್ನನ್ನು ಮಕ್ಕಳ ಕೈಯಲ್ಲಿ ಕೊಟ್ಟು ಮನೆಮನೆಗೆ ಕಳಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಹಬ್ಬದ ದಿನ ಪೂಜೆ ಮುಗಿದ ಮೇಲೆ ಹಲಸಿನ ಹಣ್ಣು, ಬಾಳೆಗೊನೆ ಏಲಂ ಮಾಡುತ್ತೀರಲ್ಲ, ಅದನ್ನು ಮುಂದುವರಿಸಿ. ತಿಂಡಿ ಸ್ಟಾಲ್ ಹಾಕಿ. ಅದಕ್ಕೆ ತೊಂದರೆ ಇಲ್ಲ, ಬಂದ ಹಣ ಅವತ್ತೇ ಬ್ಯಾಂಕಿಗೆ ಹೋಗಲಿ.

ಗಲ್ಫಿನ ವಿಷಯ ಒಳ್ಳೆಯ ದಾರಿ, ಆದರೆ ಅದರಲ್ಲೇ ಜಾಸ್ತಿ ಎಡವುವುದು. ಕೊಡುವವರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಅನ್ನುವುದೇ ಇಲ್ಲಿ ಮುಖ್ಯ. ದುಬೈ, ಕುವೈತ್‌ನಲ್ಲಿ ದುಡಿಯುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು. ಅವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ರಸೀದಿಯ ಪ್ರತಿಯ ಜೊತೆ ಪಾಸ್‌ಪೋರ್ಟಿನ ಮೊದಲ ಪುಟದ ಜೆರಾಕ್ಸ್ ಇಟ್ಟುಕೊಳ್ಳಿ. ಆದರೆ ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ಅಲ್ಲಿನ ಪೌರತ್ವ ತೆಗೆದುಕೊಂಡ ಅಣ್ಣ ಕಳಿಸಿದರೆ ಅದು ವಿದೇಶಿ ದೇಣಿಗೆ. ಅವನ ಹತ್ತಿರ ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ನಮ್ಮ ಸರಕಾರ ಕೊಡುವ ಕಾರ್ಡ್) ಇದ್ದರೂ ಅಷ್ಟೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ಬಂದು ಬೀಳಬೇಕಾದದ್ದು ಎಸ್‌ಬಿಐಯ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಹಾಗೆ ಬಂದದ್ದನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ಆದ್ದರಿಂದ "ಬೇರೆ ಸಂಸ್ಥೆಗೆ ಎಫ್‌ಸಿಆರ್‌ಎ ಉಂಟು, ಅವರ ಮೂಲಕ ತರಿಸುವ" ಅನ್ನುವ ಮಾತಿಗೆ ಹೋಗಬೇಡಿ.

ಮರುಪ್ರಶ್ನೆ – ಹಳೆ ವಿದ್ಯಾರ್ಥಿ, ಶಾರ್ಜಾದಲ್ಲಿ ಕೆಲಸ

ಸರ್, ನಾನು ಅದೇ ಶಾಲೆಯಲ್ಲಿ ಕಲಿತವನು. ಇಲ್ಲಿ ನಮ್ಮೂರಿನವರ ವಾಟ್ಸಾಪ್ ಗುಂಪು ಇದೆ. ಎಲ್ಲರ ಹತ್ತಿರ ಒಟ್ಟು ಮಾಡಿ ನಾನೇ ಒಂದೇ ಸಲ ಕಳಿಸಿದರೆ ಸುಲಭ ಅಲ್ವಾ? ಒಬ್ಬೊಬ್ಬರು 100, 200 ದಿರ್ಹಂ ಕಳಿಸುವುದು ಕಷ್ಟ.

ಉತ್ತರ

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಒಳ್ಳೆಯ ಮನಸ್ಸು ನನಗೆ ಅರ್ಥ ಆಗುತ್ತದೆ, ಹಾಗಾಗಿಯೇ ಒತ್ತಿ ಹೇಳುತ್ತಿದ್ದೇನೆ. ಯುಎಇಯಲ್ಲಿ ಪರವಾನಗಿ ಇಲ್ಲದೆ ವ್ಯಕ್ತಿಗಳು ದೇಣಿಗೆ ಎತ್ತುವುದನ್ನು 2021ರ ಕಾನೂನು ನಿಷೇಧಿಸಿದೆ. ವಾಟ್ಸಾಪಿನಲ್ಲಿ ಕೇಳಿದ್ದಕ್ಕೂ ಸಿಕ್ಕಿಬೀಳಬಹುದು. ನಿಮ್ಮ ಕೆಲಸ, ನಿಮ್ಮ ಮನೆಯವರ ವೀಸಾ ಎಲ್ಲ ಅಪಾಯಕ್ಕೆ ಸಿಕ್ಕುತ್ತದೆ. ಇಲ್ಲಿ ಶಾಲೆಗೂ ತೊಂದರೆ, ಯಾಕೆಂದರೆ ನೀವು ಕಳಿಸಿದ ಮೊತ್ತ ನಿಮ್ಮ ಸ್ವಂತ ಉಳಿತಾಯ ಅಂತ ತೋರಿಸುವುದು ಹೇಗೆ?

ಶಾಲೆಯವರು ಇಲ್ಲಿಂದಲೇ, ತಮ್ಮ ಹೆಸರಿನಲ್ಲೇ, ಹಳೆ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಪತ್ರ ಬರೆಯಲಿ. ಊರಿನ ಬ್ಯಾಂಕಿನಲ್ಲಿ ನಿಮ್ಮೆಲ್ಲರದ್ದೂ ಎನ್‌ಆರ್‌ಇ ಖಾತೆ (ವಿದೇಶದ ಸಂಪಾದನೆ ಇಡುವ ಖಾತೆ) ಇರುತ್ತದಲ್ಲ, ಅದರಿಂದ ತಿಂಗಳಿಗೆ 1,000 ರೂಪಾಯಿ ತಾನಾಗಿ ಶಾಲೆಯ ಖಾತೆಗೆ ಹೋಗುವ ಹಾಗೆ ಮಾಡಿ. ರಜೆಗೆ ಬಂದಾಗ ಶಾಲೆಗೆ ಹೋಗಿ ಕಟ್ಟಡ ನೋಡಿ. ಒಂದು ಸಲ 10,000 ಕೊಟ್ಟು ಮರೆಯುವವರಿಗಿಂತ ಎರಡು ವರ್ಷ ತಿಂಗಳು ತಿಂಗಳು ಕೊಡುವವರೇ ಕಟ್ಟಡ ಮುಗಿಸುವವರು.

ಮರುಪ್ರಶ್ನೆ – ವಾಡೆಯ ಗುರ್ಕಾರ್ (ಇಗರ್ಜಿಯ ಒಂದು ವಾರ್ಡಿನ ಮುಖಂಡ), ಅಡಿಕೆ ಕೃಷಿಕ

ಆಡಿಟರ್ರೇ, ನಮ್ಮ ವಾಡೆಯಲ್ಲಿ ಹೆಚ್ಚಿನವರದ್ದು ಅಡಿಕೆ ತೋಟ. 80ಜಿ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಉಂಟು, ತೆರಿಗೆ ಉಳಿಯುತ್ತದೆ ಅಂತ ನಾವು ಹೇಳಬಹುದಾ? ಮತ್ತೆ ಕೆಲವರು ಕೆಂಪುಕಲ್ಲು, ಮರಳು ಕೊಡುತ್ತೇವೆ ಅನ್ನುತ್ತಾರೆ.

ಉತ್ತರ

ಒಳ್ಳೆಯ ಪ್ರಶ್ನೆ ಗುರ್ಕಾರ್ರೇ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ತೋಟದ ಆದಾಯ ಮಾತ್ರ ಇರುವವರಿಗೆ 80ಜಿಯಿಂದ ಐದು ಪೈಸೆ ಉಳಿಯುವುದಿಲ್ಲ. ಸಂಬಳದವರಲ್ಲೂ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಸಿಕ್ಕುವುದಿಲ್ಲ, ಹಳೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಅವರೂ ಕೊಟ್ಟದ್ದರ ಅರ್ಧವನ್ನು ಮಾತ್ರ ಆದಾಯದಿಂದ ಕಳೆಯಬಹುದು, ಲೆಕ್ಕಕ್ಕೆ ಹಿಡಿಯುವ ದೇಣಿಗೆಗೂ ಆದಾಯದ ಶೇ. 10ರ ಮಿತಿ ಇದೆ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಅದೂ ಇಲ್ಲ. ಆದ್ದರಿಂದ ಮನೆಮನೆಗೆ ಹೋದಾಗ ತೆರಿಗೆಯ ಆಸೆ ತೋರಿಸಬೇಡಿ. ಮಕ್ಕಳ ವಿಷಯ ಹೇಳಿ. ನಿಮ್ಮ ಮನೆಯ ಹುಡುಗಿ ಎಂಟನೇ ಕ್ಲಾಸಿಗೆ ಎಷ್ಟು ಗಂಟೆಗೆ ಬಸ್ಸಿಗೆ ನಿಲ್ಲುತ್ತಾಳೆ ಅಂತ ಕೇಳಿ. ಅದು ಸಾಕು.

ಕೃಷಿಕರ ಹತ್ತಿರ ಕೇಳುವ ಸಮಯವೂ ನೋಡಬೇಕು. ಮಳೆಗಾಲದಲ್ಲಿ, ಕೊಳೆರೋಗಕ್ಕೆ ಮದ್ದು ಬಿಡುವ ಖರ್ಚಿನ ನಡುವೆ, ರಸೀದಿ ಪುಸ್ತಕ ಹಿಡಿದುಕೊಂಡು ಹೋಗಬೇಡಿ. ಈಗ ಮಾತು ತೆಗೆದುಕೊಳ್ಳಿ, ಕೊಡುವುದು ಒಣ ಅಡಿಕೆ ಮಾರಿದ ಮೇಲೆ ಅಂತ ಬರೆದುಕೊಳ್ಳಿ. ಮಾರಿದ ಹಣ ಹೇಗೂ ಬ್ಯಾಂಕಿಗೇ ಬರುವುದಾದರೆ ಚೆಕ್ ಕೊಡಲಿ. ನಗದಾದರೆ ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಮುಟ್ಟಲೇ ಬಾರದು. ಮುಟ್ಟಿದರೆ ತೆಗೆದುಕೊಂಡ ಶಾಲೆಗೆ ಅಷ್ಟೇ ದಂಡ ಬೀಳುತ್ತದೆ.

ಕಲ್ಲು, ಮರಳು ಧಾರಾಳವಾಗಿ ತೆಗೆದುಕೊಳ್ಳಿ. ವಸ್ತುವಿಗೆ 80ಜಿ ಇಲ್ಲ, ಅಷ್ಟೇ. ಎಷ್ಟು ಕಲ್ಲು, ಯಾವ ದಿನ, ಅವತ್ತಿನ ಬೆಲೆ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದು ಇಳಿಸಿಕೊಂಡವರು ಸಹಿ ಹಾಕಲಿ.

ಮರುಪ್ರಶ್ನೆ – ಬದಿಯಡ್ಕ ಕಡೆಯ ಇನ್ನೊಂದು ಶಾಲೆಯ ಸಂಚಾಲಕಿ

ಸರ್, ನಮ್ಮದೂ ಇಂಥದ್ದೇ ಯೋಚನೆ. ನಮ್ಮ ಟ್ರಸ್ಟ್ ಡೀಡಿನಲ್ಲಿ "ಕ್ರೈಸ್ತ ಮಕ್ಕಳ ವಿದ್ಯಾಭ್ಯಾಸಕ್ಕಾಗಿ" ಅಂತ ಇದೆ. ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ತೊಂದರೆಯಾ?

ಉತ್ತರ

ತೊಂದರೆ ಆಗುವ ಮಾತೇ ಅದು ಸಿಸ್ಟರ್. ಒಂದೇ ಧರ್ಮದವರ ಪ್ರಯೋಜನಕ್ಕೆ ಅಂತ ಬರೆದ ಸಂಸ್ಥೆಗೆ 80ಜಿ ಸಿಕ್ಕುವುದಿಲ್ಲ. ಟ್ರಸ್ಟ್ 1962ರ ಏಪ್ರಿಲ್ 1ರ ನಂತರದ್ದಾದರೆ ಆದಾಯ ತೆರಿಗೆ ವಿನಾಯಿತಿಗೇ ಪೆಟ್ಟು. ಸಂವಿಧಾನದ 30ನೇ ವಿಧಿ ಕೊಟ್ಟಿರುವುದು ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಾಲೆ ಕಟ್ಟಿ ನಡೆಸುವ ಹಕ್ಕು. ಕ್ರೈಸ್ತರು ಎಲ್ಲರಿಗಾಗಿ ಶಾಲೆ ನಡೆಸಿದರೆ ಆ ಹಕ್ಕು ಹೋಗುವುದಿಲ್ಲ. ಡೀಡ್ ತಿದ್ದಲು ಸಾಧ್ಯವಾ ಅಂತ ವಕೀಲರಿಗೆ ತೋರಿಸಿ. ನೀವಾಗಿ ಏನನ್ನೂ ಗೀಚಬೇಡಿ.

ಇದೇ ಕಾರಣಕ್ಕೆ ಇಗರ್ಜಿಯ ಹುಂಡಿ ಮತ್ತು ಶಾಲೆಯ ಹುಂಡಿ ಬೆರೆಯಬಾರದು. ಪೂರ್ತಿ ಧಾರ್ಮಿಕ ಸಂಸ್ಥೆಗೆ ಹೆಸರಿಲ್ಲದ ಕಾಣಿಕೆ ಬಂದರೆ ತೆರಿಗೆ ಇಲ್ಲ. ಶಾಲೆಯ ಟ್ರಸ್ಟಿಗೆ ಹೆಸರಿಲ್ಲದೆ ಬಂದದ್ದು 1 ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ. 5, ಇದರಲ್ಲಿ ಯಾವುದು ದೊಡ್ಡದೋ ಅದನ್ನು ದಾಟಿದ ಭಾಗಕ್ಕೆ ಶೇ. 30 ತೆರಿಗೆ.

ಮೊದಲ ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಸರ್. ಹಾಗಾದರೆ ರಸೀದಿ ಹೇಗಿರಬೇಕು? ಕಡಿಮೆ ಬಿದ್ದದ್ದಕ್ಕೆ ಪೋಷಕರಿಂದ ಬಡ್ಡಿ ಇಲ್ಲದ ಸಾಲ ತೆಗೆದುಕೊಳ್ಳಬಹುದಾ?

ಉತ್ತರ

ರಸೀದಿಯಲ್ಲಿ ಟ್ರಸ್ಟಿನ ಹೆಸರು, ಪ್ಯಾನ್, 80ಜಿ ಇದ್ದರೆ ಅದರ ನೋಂದಣಿ ನಂಬರ್. ಕೊಟ್ಟವರ ಹೆಸರು, ವಿಳಾಸ, ಪ್ಯಾನ್. ಕೆಳಗೆ ಒಂದು ಸಾಲು ಅಚ್ಚಾಗಿರಲಿ: "ಈ ಮೊತ್ತವನ್ನು ಶಾಲೆಯ ಹೊಸ ಕಟ್ಟಡಕ್ಕಾಗಿ ಮೂಲನಿಧಿಯಾಗಿ ಕೊಟ್ಟಿದ್ದೇನೆ." ಅದರ ಕೆಳಗೆ ಕೊಟ್ಟವರೇ ಸಹಿ ಹಾಕಬೇಕು. ಈ ಸಹಿ ಇದ್ದರೆ ಅದು ಕಾರ್ಪಸ್ (ಮೂಲನಿಧಿ), ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಆ ವರ್ಷವೇ ಖರ್ಚು ಮಾಡಬೇಕು ಅನ್ನುವ ಒತ್ತಡ ಅದಕ್ಕೆ ಇಲ್ಲ. ಬೇರೆಯಾಗಿ ಬ್ಯಾಂಕಿನಲ್ಲಿ ಇಡಬೇಕು, ಅದರಿಂದ ಕಟ್ಟಿದ ಖರ್ಚನ್ನು ಮತ್ತೆ ಆ ಶೇ. 85ರ ಲೆಕ್ಕಕ್ಕೆ ಸೇರಿಸಬಾರದು. 80ಜಿ ಇರುವ ಟ್ರಸ್ಟ್ ವರ್ಷ ಮುಗಿದ ಮೇಲೆ ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆ ಪೋರ್ಟಲಿಗೆ ಹಾಕಬೇಕು, ಅದರಿಂದ ಬರುವ ಸರ್ಟಿಫಿಕೇಟನ್ನು ದಾನಿಗೆ ಕೊಡಬೇಕು. (80ಜಿ ಅಂತ ನಾನು ಹಳೆಯ ಕಾಯ್ದೆಯ ಸೆಕ್ಷನ್ ನಂಬರಿನಲ್ಲೇ ಹೇಳುತ್ತಿದ್ದೇನೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳು ಬೇರೆ.)

ಸಾಲ ಅಂದರೆ 20,000 ಮತ್ತು ಮೇಲಿನದ್ದು ನಗದಾಗಿ ಬೇಡ, ವಾಪಸ್ಸು ಕೊಡುವಾಗಲೂ ಬೇಡ. ಪೋಷಕರಿಂದ ಡಿಪಾಸಿಟ್ ತರಹ ಎತ್ತುವುದಕ್ಕೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಅಡ್ಡ ಬರಬಹುದು. ಅದಕ್ಕಿಂತ ಬ್ಯಾಂಕಿನ ಸಾಲ ವಾಸಿ.

ನನ್ನ ಅಭಿಪ್ರಾಯ ಕೇಳಿದರೆ, 1.20 ಕೋಟಿಯನ್ನು ಒಂದೇ ಮೂಟೆಯಾಗಿ ಜನರ ಮುಂದೆ ಇಡಬೇಡಿ. ಎರಡು ಮಹಡಿಗೂ ತಡೆಯುವ ಪಂಚಾಂಗ (ಅಡಿಪಾಯ) ಹಾಕಿ, ಮೊದಲು ಕೆಳಗಿನ ಮೂರು ಕೋಣೆ ಮತ್ತು ಶೌಚಾಲಯ ಮುಗಿಸಿ. ಎಂಟನೇ ಕ್ಲಾಸಿಗೆ ಅಷ್ಟು ಸಾಕು. ಪ್ರತಿ ತಿಂಗಳು ಬಂದದ್ದು, ಹೋದದ್ದು ಎರಡನ್ನೂ ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ. ಎರಡನೇ ಸಲ ಕೇಳಲು ಹೋದಾಗ ಜನ ನೋಡುವುದು ಆ ಹಾಳೆಯನ್ನು.

ಪ್ರತಿಕ್ರಿಯೆ – ಸಿವಿಲ್ ಇಂಜಿನಿಯರ್, ಕುಂಬಳೆ

ಒಂದು ಮಾತು ಸೇರಿಸುತ್ತೇನೆ. ಜಾಗ ಹಿಂದೆ ಗದ್ದೆಯಾಗಿತ್ತಾ ನೋಡಿ. 2008ರ ಕೇರಳ ಗದ್ದೆ ಸಂರಕ್ಷಣಾ ಕಾಯ್ದೆಯ ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ಸರ್ವೆ ನಂಬರ್ ಇದ್ದರೆ ಪಂಚಾಯತಿನಿಂದ ಪರ್ಮಿಟ್ ಸಿಗುವುದು ಕಷ್ಟ. ದುಡ್ಡು ಕೇಳುವ ಮೊದಲೇ ವಿಲೇಜ್ ಆಫೀಸಿನಲ್ಲಿ ಅಥವಾ ಕೃಷಿಭವನದಲ್ಲಿ ವಿಚಾರಿಸಿ.

ಉತ್ತರ

ಸರಿಯಾಗಿ ಹೇಳಿದಿರಿ. ಮೇಡಂ, ಅದರ ಜೊತೆ ಹೈಸ್ಕೂಲಿಗೆ ಸರಕಾರದ ಅನುಮತಿಯ ಅರ್ಜಿ ಎಲ್ಲಿಗೆ ಮುಟ್ಟಿದೆ ಅಂತಲೂ ನೋಡಿ. ಟ್ರಸ್ಟಿನ ತೆರಿಗೆ ನೋಂದಣಿ 2021ರಲ್ಲಿ ಆದದ್ದಾದರೆ ಅದರ ಐದು ವರ್ಷ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು, ನವೀಕರಣದ ಆದೇಶ ಕೈಗೆ ಬಂದಿದೆಯಾ ಕೇಳಿ. ಆ ಆದೇಶ ಮತ್ತು ಡೀಡಿನ ಉದ್ದೇಶಗಳ ಪುಟ, ಎರಡರ ಫೋಟೋ ತೆಗೆದು, ಹೆಸರು ಮತ್ತು ಪ್ಯಾನ್ ಮುಚ್ಚಿ ಇಲ್ಲಿ ಹಾಕಿ. ನಾನು ನೋಡಿ ಹೇಳುತ್ತೇನೆ. ರಸೀದಿ ಪುಸ್ತಕ ಅಚ್ಚಿಗೆ ಕೊಡುವುದು ಅದಾದ ಮೇಲೆ.